ದೇವಕ್ಕನ ಗದ್ದೆಯಲ್ಲಿ ಐದನೇ ನಂಬರು

ಹೊಳನಗದ್ದೆಯ ಫ್ಲ್ಯಾಟಿಗೆ ಸಾಮಾನು ಇಳಿಸಿದ ಮರುದಿನ ಬೆಳಿಗ್ಗೆ ಕೆಳಗಿಳಿದು ನೋಡುತ್ತೇನೆ, ನನ್ನ ವ್ಯಾನಿನ ಎರಡೂ ಕನ್ನಡಿಗಳಿಗೆ ಉಳ್ಳಾಗಡ್ಡಿ ನೇತಾಡುತ್ತಿವೆ. ಒಂದೆರಡಲ್ಲ. ಎಲೆ ಸಮೇತ ಹೆಣ್ಣುಮಕ್ಕಳ ಜಡೆ ಹೆಣೆದ ಹಾಗೆ ಹೆಣೆದು, ಎಡಗನ್ನಡಿಗೆ ಮೂರು ಜಡೆ, ಬಲಗನ್ನಡಿಗೆ ಮೂರು ಜಡೆ, ಹಿಂದಿನ ಬಾಗಿಲಿನ ಹಿಡಿಕೆಗೆ ಇನ್ನೊಂದು. ನಮ್ಮ ರೋಣದ ಕಡೆ ಗಾಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತೇವೆ, ಅದು ದೃಷ್ಟಿಗೆ. ಉಳ್ಳಾಗಡ್ಡಿ ಕಟ್ಟಿದರೆ ಅದು ಯಾತಕ್ಕೆ? ಮೆಟ್ಟಿಲ ಕೆಳಗಿನಿಂದಲೇ ಗಂಡನನ್ನು ಕೂಗಿದೆ: "ಏನ್ರೀ, ಬಂದ ಮರುದಿನಾನ ಯಾರೋ ಮಾಟಾ ಮಾಡ್ಸ್ಯಾರ, ಲಗೂನ ಬರ್ರಿ!"

ಮಾಟ ಮಾಡಿದವಳು ಚಿರೆಕಲ್ಲಿನ ಗೋಡೆಯ ಆಚೆ ಕೈಯಲ್ಲಿ ಇನ್ನೆರಡು ಜಡೆ ಹಿಡಿದು ನಿಂತಿದ್ದಳು. ಐವತ್ತೈದರ ಆಸುಪಾಸಿನ ಹೆಂಗಸು. ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಸೀರೆ, ತಲೆಗೆ ಸುತ್ತಿದ ಟವೆಲ್ಲು.

"ಎಂತ ತಂಗಿ, ಹೆದರಿದ್ಯಾ? ನಾನು ಈರುಳ್ಳಿ ಕಟ್ಟೂ ಜಾಗದಲ್ಲಿ ನೀನು ಗಾಡಿ ತಂದು ಇಟ್ಟಿದ್ದೆ. ಮತ್ತೆ ನಾನೆಲ್ಲಿ ಕಟ್ಟೂದು? ಅದ್ಕೇ ಗಾಡಿಗೇ ಕಟ್ಟಿದೆ."

ತಲೆಯೆತ್ತಿ ನೋಡಿದೆ. ಎರಡು ತೆಂಗಿನಮರದ ನಡುವೆ ಬಿಗಿದ ಬಿದಿರಿನ ಗಳ, ಅದರ ಕೆಳಗೆ ಸರಿಯಾಗಿ ನನ್ನ ವ್ಯಾನು. ಕತ್ತಲಲ್ಲಿ ಬಂದವರಿಗೆ ಗಳ ಕಂಡಿರಲಿಲ್ಲ. ಇಬ್ಬರೂ ನಕ್ಕೆವು. ಅವಳೇ ದೇವಕ್ಕ. ಈ ಊರಿನಲ್ಲಿ ನನ್ನನ್ನು ಮೊದಲು ಮಾತಾಡಿಸಿದವಳು, ತಂಗಿ ಎಂದವಳು. ಗಾಡಿ ಸರಿಸಿದ ಮೇಲೆ ಒಂದು ಜಡೆ ನನ್ನ ಕೈಗೇ ಕೊಟ್ಟಳು.

ನಮ್ಮ ಕಡೆ ನಾವು ಉಳ್ಳಾಗಡ್ಡಿಯನ್ನು ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಲಾರಿಗೆ ಒಗೆಯುವ ಮಂದಿ. ಕುಮಟಾದ ಈ ಕಡೆಯವರು ಅದಕ್ಕೆ ಜಡೆ ಹಾಕಿ ಹೆದ್ದಾರಿಯ ಬದಿಯಲ್ಲಿ ತೂಗುಹಾಕುತ್ತಾರೆ. ಖಾರವಿಲ್ಲ, ಹೆಚ್ಚುವಾಗ ಕಣ್ಣೀರಿಲ್ಲ, ಹಸಿಯಾಗಿಯೇ ತಿನ್ನಬಹುದು. ರೋಣದಲ್ಲಿರುವ ನನ್ನ ತಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಕಣ್ಣಾಗ ನೀರ ತರ್ಸದಿದ್ರ ಅದ್ಯಾತರ ಉಳ್ಳಾಗಡ್ಡಿ" ಎಂದ.

ನಾವು ಇಲ್ಲಿಗೆ ಬಂದದ್ದು ಹೆದ್ದಾರಿಯ ಬೆನ್ನುಹತ್ತಿ. ನನ್ನ ಗಂಡ ಜೆಸಿಬಿ ನಡೆಸುತ್ತಾರೆ. ರಸ್ತೆ ಅಗಲ ಮಾಡುವ ಕೆಲಸಕ್ಕೆ ಬಂದವರು, ಆ ಕೆಲಸ ಮುಂದಕ್ಕೆ ಸರಿದರೂ ಇಲ್ಲೇ ಉಳಿದರು. ನಾನು ಮಗಳನ್ನು ಕರೆದುಕೊಂಡು ಹಿಂದಿನಿಂದ ಬಂದೆ, ಬಂದವಳು ಸುಮ್ಮನೆ ಕೂರಲಿಲ್ಲ. ಕಲ್ಲು ಹೊರುವ, ಗಾರೆ ಕಲಸುವ ನಮ್ಮ ಕಡೆಯ ಜನ ಈ ಕರಾವಳಿಯುದ್ದಕ್ಕೂ ಇದ್ದಾರೆ. ಮೂರು ಹೊತ್ತು ಕುಚ್ಚಲಕ್ಕಿ ಅನ್ನ ತಿಂದು ಬಾಯಿ ಕೆಟ್ಟವರು. ಅವರಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ ಮಾಡಿ ಕೊಟ್ಟರೆ ಹೇಗೆ ಎಂದು ಶುರುವಾಯಿತು. ಈ ಫ್ಲ್ಯಾಟಿಗೆ ಬರುವ ಮೊದಲೇ ಹಳೆಯದೊಂದು ವ್ಯಾನು ತೆಗೆದುಕೊಂಡೆವು, ನಾನೇ ಓಡಿಸಲು ಕಲಿತೆ. ಈಗ ಕುಮಟಾದಿಂದ ಹೊರಟು ಕರ್ಕಿ, ಹೊನ್ನಾವರ, ಭಟ್ಕಳದವರೆಗೆ ಖಾನಾವಳಿ, ಅಂಗಡಿಗಳಿಗೆ ರೊಟ್ಟಿಯ ಡಬ್ಬ ಇಳಿಸುತ್ತಾ ಹೋಗುತ್ತೇನೆ. ಇಲ್ಲಿಯವರು ನಮ್ಮನ್ನು ಘಟ್ಟದ ಮೇಲಿನವರು ಎನ್ನುತ್ತಾರೆ. ಗದಗವಾಗಲಿ, ವಿಜಯಪುರವಾಗಲಿ, ಎಲ್ಲಕ್ಕೂ ಒಂದೇ ಹೆಸರು. ನನಗೆ ರೇಣುಕಾ ಎಂಬ ಹೆಸರಿದೆ ಎಂದು ಕೆಲವರಿಗೆ ತಿಳಿಯಲು ವರ್ಷ ಹಿಡಿಯಿತು.

ಕೆಟ್ಟು ಪಟ್ಟಣ ಸೇರು ಎಂದರು ಹಿರಿಯರು. ನಾವು ಸೇರಿದ್ದು ಪಟ್ಟಣವೂ ಅಲ್ಲ, ಹಳ್ಳಿಯೂ ಅಲ್ಲ. ಕುಮಟಾ ಪೇಟೆ ಬೆಳೆಯುತ್ತಾ ಬಂದು ಭತ್ತದ ಗದ್ದೆಗಳ ಅಂಚಿಗೆ ನಿಂತಿದೆ. ಒಂದು ಕಡೆ ಕೊಟ್ಟಿಗೆ, ಪಕ್ಕದಲ್ಲೇ ಮೂರು ಮಹಡಿಯ ನಮ್ಮ ಬಿಲ್ಡಿಂಗು, ಅದರಾಚೆ ಗದ್ದೆ. ಮನೆ ತೋರಿಸುವಾಗ ಬಿಲ್ಡರು ಕೆಳಗಡೆ ಕಂಬಗಳ ನಡುವೆ ಎಳೆದ ಬಿಳಿ ಗೆರೆ ತೋರಿಸಿ, "ಇದು ನಿಮ್ಮ ಗಾಡಿ ಜಾಗ, ಬೇರೆಯವರು ಕಾಲೂ ಇಡೂದಿಲ್ಲ" ಎಂದಿದ್ದ. ಸಾಮಾನು ತರುವಷ್ಟರಲ್ಲಿ ಅಲ್ಲಿ ಶಟರು ಕೂತು, ಒಳಗೆ ಟೈಲ್ಸಿನ ಗೋಡೌನು ಬಂದಿತ್ತು. ಕೇಳಿದರೆ, "ಸ್ವಲ್ಪ ದಿನ ಮಾತ್ರ" ಎಂದ. ಆ ಸ್ವಲ್ಪ ದಿನ ಇವತ್ತಿಗೂ ಮುಗಿದಿಲ್ಲ.

ಎಂಟು ಮನೆ, ಆರು ಗಾಡಿ, ಒಂದೇ ಓಣಿ. ಓಣಿ ಎಂದರೆ ಎರಡು ಚಿರೆಕಲ್ಲಿನ ಗೋಡೆಗಳ ನಡುವೆ ಒಂದು ಕಾರು ಉಸಿರು ಬಿಗಿಹಿಡಿದು ಹೋಗುವಷ್ಟು ದಾರಿ. ಒಂದರ ಹಿಂದೆ ಒಂದು ನಿಲ್ಲಿಸಬೇಕು. ಒಳಗಿನವನು ಹೊರಡಬೇಕಾದರೆ ಹೊರಗಿನವರೆಲ್ಲ ತೆಗೆಯಬೇಕು. ನಾನು ಬೆಳಿಗ್ಗೆ ಐದಕ್ಕೇ ಹೊರಡುವವಳು. ಐದು ಮನೆಯ ಬೆಲ್ಲು ಒತ್ತಿ ಎಬ್ಬಿಸಿದರೆ ಯಾರು ತಾನೇ ಮುಗುಳ್ನಗುತ್ತಾರೆ? ರೊಟ್ಟಿ ಬಡಿಯುತ್ತಾ ಕೈಯೆಲ್ಲ ಹಿಟ್ಟಾಗಿರುವಾಗ ನನ್ನ ಬೆಲ್ಲೂ ದಿನಕ್ಕೆ ಹತ್ತು ಸಲ ಬಾರಿಸುತ್ತಿತ್ತು. ಕೆಳಗೆ ಹೋದರೆ ಒಬ್ಬರು ಕೊಂಕಣಿಯಲ್ಲಿ, ಒಬ್ಬರು ಉರ್ದುವಿನಲ್ಲಿ ಗೊಣಗುತ್ತಿದ್ದರು. ತಿಳಿಯದ ಭಾಷೆಯಲ್ಲಿ ಬೈದರೆ ತಿರುಗಿ ಬೈಯುವ ಸುಖವೂ ಇಲ್ಲ. ನಮ್ಮೂರಿನಲ್ಲಿ ಟ್ರ್ಯಾಕ್ಟರನ್ನು ಯಾರ ಮನೆಯ ಮುಂದೆ ಹಚ್ಚಿ ನಿಲ್ಲಿಸಿದರೂ ಕೇಳುವವರಿರಲಿಲ್ಲ. ಬಸವಣ್ಣನ ಗುಡಿಯ ಎದುರು ಮಾತ್ರ ಜಾಗ ಬಿಡುತ್ತಿದ್ದೆವು. ಗಾಡಿಗೆ ಜಾಗ ಹುಡುಕುವುದು ಒಂದು ಬದುಕು ಎಂದು ಇಲ್ಲಿಗೆ ಬಂದ ಮೇಲೇ ನನಗೆ ತಿಳಿದದ್ದು.

ಭಟ್ಕಳದ ಪೇಟೆಯೇನೂ ವಿಶಾಲವಲ್ಲ. ಆದರೆ ಅಲ್ಲಿ ನಾನು ಗಾಡಿ ನಿಲ್ಲಿಸುವ ಅಂಗಡಿಯವರು ತಮ್ಮ ಸ್ಕೂಟರನ್ನು ತಾವೇ ಎತ್ತಿ ಪಕ್ಕಕ್ಕಿಟ್ಟು, "ಆವೋ ಆಪಾ, ರೊಟ್ಟಿ ಪೈಲೆ", ಬಾ ಅಕ್ಕಾ, ಮೊದಲು ರೊಟ್ಟಿ, ಎನ್ನುತ್ತಾರೆ. ಹತ್ತು ನಿಮಿಷ ನಿಂತು ಹೋಗುವವಳಿಗೆ ಎಲ್ಲರೂ ಜಾಗ ಕೊಡುತ್ತಾರೆ. ಇಲ್ಲೇ ಇರುತ್ತೇನೆ ಎಂದವಳಿಗೇ ಕಷ್ಟ.

ಒಂದು ಮಧ್ಯಾಹ್ನ ಬಿಲ್ಡಿಂಗಿನ ಸಂಘದ ಸೆಕ್ರೆಟರಿ, ಮೂರನೇ ಮಹಡಿಯ ನಿವೃತ್ತ ನೌಕರರು, ಎಲ್ಲರೆದುರು ನನಗೆ ಹೇಳಿದರು: "ನೋಡಮ್ಮಾ, ಇದು ಸಂಸಾರಸ್ಥರ ಬಿಲ್ಡಿಂಗು. ವ್ಯಾಪಾರದ ಗಾಡಿ ಇಲ್ಲಿ ಇಡೂಕೆ ಆಗೂದಿಲ್ಲ. ಹೆದ್ದಾರಿ ಹತ್ರ ಎಲ್ಲಾದ್ರೂ ಇಡಿ." ಹೆದ್ದಾರಿಗೆ ಒಂದು ಕಿಲೋಮೀಟರು. ಮೂವತ್ತು ಡಬ್ಬ ರೊಟ್ಟಿ ತಲೆಯ ಮೇಲೆ ಹೊತ್ತು ಹೋಗಲೇ? ಗಾಡಿ ನಿಲ್ಲದಿದ್ದರೆ ರೊಟ್ಟಿ ಇಲ್ಲ, ರೊಟ್ಟಿ ಇಲ್ಲದಿದ್ದರೆ ನಾವು ಇಲ್ಲಿ ಇಲ್ಲ. ಅಷ್ಟು ಸರಳ. ಅವತ್ತು ಗೋಡೆಗೆ ಒರಗಿ ಅತ್ತುಬಿಟ್ಟೆ. ಗೋಡೆಯಾಚೆ ಈರುಳ್ಳಿ ಸಾಲಿಗೆ ನೀರು ಬಿಡುತ್ತಿದ್ದ ದೇವಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅಳೂದು ಎಂತಕ್ಕೆ? ನನ್ನ ಗದ್ದೆ ಮೂಲೆ ಖಾಲಿ ಅದೆ. ಅಲ್ಲಿ ಇಡು. ಮಳೆ ಬೀಳೂವರೆಗೆ ಅಡ್ಡಿಲ್ಲ."

"ಅಕ್ಕಾ, ನಾ ನಿಮಗ ಏನ್ ಕೊಡಬೇಕ್ರಿ?"

"ನಿನ್ನ ಆ ಒಣ ರೊಟ್ಟಿ ಕೊಡು. ಮತ್ತೆ ಹೋಗ್ವಾಗ ದಣಪೆ ಹಾಕಿ ಹೋಗು, ಆತು."

ದಣಪೆ ಎಂದರೆ ನಮ್ಮ ಕಡೆ ಇಲ್ಲದ ವಸ್ತು. ಬೇಲಿಯ ಬಾಯಲ್ಲಿ ಎರಡು ತೂತಿನ ಕಂಬ ನೆಟ್ಟು, ತೂತುಗಳಲ್ಲಿ ಅಡ್ಡಡ್ಡ ಬಿದಿರಿನ ಕೋಲು ತೂರಿಸಿರುತ್ತಾರೆ. ಬೀಗವಿಲ್ಲ, ಕೀಲಿಯಿಲ್ಲ, ಮಕ್ಕಳೂ ಎಳೆದು ತೆಗೆಯಬಹುದು. ಆದರೂ ಕೋಲು ಅಡ್ಡ ಇದ್ದರೆ ಊರಿನವರು ಯಾರೂ ದಾಟುವುದಿಲ್ಲ. ದನಕ್ಕೂ ಅದೇ ನಿಯಮ, ಮನುಷ್ಯರಿಗೂ ಅದೇ. ಸಂಜೆ ನಾನು ಬರುವ ಹೊತ್ತಿಗೆ ದೇವಕ್ಕ ಕೋಲು ಸರಿಸಿ ಇಟ್ಟಿರುತ್ತಿದ್ದಳು. ಹೊನ್ನಾವರದ ಸೇತುವೆಯ ಮೇಲೆ, ಬಲಗಡೆ ಮಾವಿನಕುರ್ವೆಯ ತೆಂಗಿನಮರಗಳು ಕಾಣುವ ಜಾಗಕ್ಕೆ ಬಂದಾಗಲೇ ನನಗೆ ನೆನಪಾಗುತ್ತಿತ್ತು: ನನಗಾಗಿ ಒಂದು ಕಡೆ ದಣಪೆ ತೆಗೆದಿರುತ್ತದೆ. ಮನೆಗೆ ಹೋಗುತ್ತಿದ್ದೇನೆ ಎಂದು ಆಗ ಮಾತ್ರ ಅನಿಸುತ್ತಿತ್ತು.

ಎರಡೂವರೆ ತಿಂಗಳು ಹಾಗೆ ಹೋಯಿತು. ಗಾಡಿ ನಿಲ್ಲಿಸಿ ಅವಳ ಮನೆಯ ಚಿಟ್ಟೆಯ ಮೇಲೆ, ಅಂದರೆ ಜಗಲಿಯ ಕಟ್ಟೆಯ ಮೇಲೆ, ಒಂದು ಗಳಿಗೆ ಕೂತೇ ಮೇಲೆ ಹೋಗುತ್ತಿದ್ದೆ. ನಾನು ಕೊಟ್ಟ ಕಟಕ ರೊಟ್ಟಿಯನ್ನು ಮೊದಲ ದಿನ ತಿರುಗಿಸಿ ತಿರುಗಿಸಿ ನೋಡಿ, "ಇದೆಂತದೇ, ಹಪ್ಪಳವಾ?" ಎಂದಿದ್ದಳು. ಆಮೇಲೆ ಅದನ್ನು ಮುರಿದು ಗಂಜಿಗೆ ಹಾಕಿ ನೆನೆಸಿ ಉಂಡಳು. ನಮ್ಮವ್ವ ನೋಡಿದ್ದರೆ ಎದೆ ಬಡಿದುಕೊಳ್ಳುತ್ತಿದ್ದಳು. ಅವಳು ಮೀನು ಹುರಿಯುವಾಗ ನಾನು ಮೂಗಿಗೆ ಸೆರಗು ಹಿಡಿಯುತ್ತಿದ್ದೆ. "ಏಳು ಏಳು, ಓಡು, ಮುಗಿದ ಮೇಲೆ ಕರೀತೆ" ಎಂದು ನಗುತ್ತಿದ್ದಳು. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಮಗಳನ್ನು ಮಾವಿನಕುರ್ವೆಗೆ ಕೊಟ್ಟಿದ್ದಳು. ಗದ್ದೆಯ ಕಾಗದ ಗೋವಾದಲ್ಲಿರುವ ಮೈದುನನ ಹೆಸರಿನಲ್ಲಿ. ಗೇಯುವವಳು ಇವಳು. "ಕಾಗದ ಅವನ ಹತ್ರ ಇರ್ಲಿ, ಅಕ್ಕಿ ನನ್ನ ಹತ್ರ ಇರ್ತದೆ" ಎನ್ನುತ್ತಿದ್ದಳು. "ಈ ಮಳೆಗಾಲಕ್ಕೆ ನೆಟ್ಟಿಗೆ ಬಾ. ಘಟ್ಟದ ಮೇಲಿನವಳ ಕೈಗುಣ ನೋಡುವಾ" ಎಂದು ಭತ್ತದ ನಾಟಿಗೂ ಕರೆದಿದ್ದಳು.

ಜೂನಿನ ಮೊದಲ ವಾರ ದೇವಕ್ಕ ಮಗಳ ಬಾಣಂತನಕ್ಕೆ ಮಾವಿನಕುರ್ವೆಗೆ ಹೋದಳು. ಹೋಗುವಾಗ, "ಮಳೆ ಹಿಡಿದ ಮೇಲೆ ಗಾಡಿ ಇಲ್ಲಿ ಇಡಬೇಡ, ಹೂಳ್ತದೆ" ಎಂದಿದ್ದಳು. ನಾನು ತಲೆಯಾಡಿಸಿದ್ದೆ. ಮಳೆ ಎಂದರೆ ನನ್ನ ಲೆಕ್ಕದಲ್ಲಿ ರೋಣದ ಮಳೆ. ಬರುತ್ತೇನೆ ಬರುತ್ತೇನೆ ಎಂದು ಹೆದರಿಸಿ ಅರ್ಧ ತಾಸು ಹೊಡೆದು ಹೋಗುವಂಥದು. ಇಲ್ಲಿಯ ಮಳೆ ಬಂದದ್ದು ಬಂದೇ ಬಂತು, ಮೂರು ದಿನ ಬಿಡಲಿಲ್ಲ. ಮೂರನೇ ದಿನ ಸಂಜೆ ಭಟ್ಕಳದಿಂದ ಬಂದು ನೋಡಿದರೆ ನನ್ನ ಮೂಲೆ ಕೆಸರು ಹೊಂಡ. ಓಣಿಯಲ್ಲಿ ಜಾಗವಿಲ್ಲ. ಕೋಲು ಸರಿಸಿ, ಗಾಡಿ ಒಳಗೆ ತಂದು, ಕಣ್ಣು ಹಾಯಿಸಿದೆ. ಮೂಲೆಯ ಪಕ್ಕದಲ್ಲೇ ಸ್ವಲ್ಪ ಎತ್ತರದ ಚೌಕ ಜಾಗ, ತುಂಬಾ ಒತ್ತಾಗಿ ಗೇಣುದ್ದ ಹಸಿರು ಹುಲ್ಲು. ನಾವು ಎರೆಭೂಮಿಯವರು. ಮಳೆಯಲ್ಲಿ ಗಾಡಿ ಹೂತುಹೋಗಬಾರದೆಂದರೆ ಹುಲ್ಲಿನ ಮೇಲೆ ಹಚ್ಚಬೇಕು, ಬೇರು ಮಣ್ಣನ್ನು ಹಿಡಿದಿರುತ್ತದೆ, ಇದು ನಾವು ಎಳೆಯ ವಯಸ್ಸಿನಲ್ಲೇ ಕಲಿತ ಪಾಠ. ಹುಲ್ಲಿನ ಮೇಲೆ ಹಚ್ಚಿದೆ. ಜಾಣತನ ಮಾಡಿದೆ ಎಂದು ಹಿಗ್ಗಿ ಮೇಲೆ ಹೋದೆ.

ಬೆಳಿಗ್ಗೆ ನೋಡಿದರೆ ನಾಲ್ಕೂ ಗಾಲಿ ಅರ್ಧದವರೆಗೆ ಇಳಿದಿದ್ದವು. ಹಿಂದೆ ಮುಂದೆ ಮಾಡಿದೆ, ಗಾಲಿ ತಿರುಗಿ ಇನ್ನೂ ಅಗೆಯಿತು. ನಮ್ಮ ಮನೆಯವರು ಕೆಲಸದ ಜಾಗದಿಂದ ಜೆಸಿಬಿಯನ್ನೇ ತಂದರು. ಆ ದೊಡ್ಡ ಯಂತ್ರ ಆ ಚೌಕದ ಮೇಲೆಯೇ ನಿಂತು, ಹೊರಳಿ, ಸರಪಳಿ ಕಟ್ಟಿ ವ್ಯಾನನ್ನು ಎಳೆಯಿತು. ನಾನು ಚಪ್ಪಾಳೆ ತಟ್ಟಿದೆ. ನಿಜವಾಗಿಯೂ ತಟ್ಟಿದೆ, ಸುಳ್ಳೇಕೆ ಹೇಳಲಿ. ಆಗ ಕೊಡೆ ಹಿಡಿದು ಹೋಗುತ್ತಿದ್ದ ಮುದುಕರೊಬ್ಬರು ದಣಪೆಯ ಹತ್ತಿರ ನಿಂತು ಬಾಯಿ ಬಿಟ್ಟುಕೊಂಡು ನೋಡಿದರು.

"ಎಂತ ಮಾಡಿದ್ರಿ ಮಾರಾಯ್ತಿ! ಅದು ಅಗೆ! ದೇವಕ್ಕನ ಇಡೀ ಗದ್ದೆ ಅದ್ರಲ್ಲೇ ಇತ್ತಲ್ಲೇ!"

ನಿಮಗೆ ಹೇಳಬೇಕು. ಇಲ್ಲಿ ಭತ್ತವನ್ನು ನೇರ ಗದ್ದೆಗೆ ಬಿತ್ತುವುದಿಲ್ಲ. ಮೊದಲು ಒಂದು ಮೂಲೆಯಲ್ಲಿ ಒತ್ತಾಗಿ ಬೀಜ ಹಾಕಿ ಸಸಿ ಎಬ್ಬಿಸುತ್ತಾರೆ, ಅದೇ ಅಗೆ. ಆಮೇಲೆ ಅದನ್ನು ಕಿತ್ತು ಇಡೀ ಗದ್ದೆಗೆ ನೆಡುತ್ತಾರೆ, ಅದೇ ನೆಟ್ಟಿ. ಆ ಒಂದು ಚೌಕ ಹೋದರೆ ವರ್ಷದ ಭತ್ತ ಹೋಯಿತು. ನಮ್ಮ ಕಡೆ ಜೋಳ ಕೂರಿಗೆಯಿಂದ ನೇರ ಹೊಲಕ್ಕೇ ಬೀಳುತ್ತದೆ. ಮೆಣಸಿನಕಾಯಿಯ ಅಗಿಯನ್ನು ನಾನೂ ಬೆಳೆಸಿದವಳೇ, ಎಲೆ ನೋಡಿದರೆ ಗುರುತಿಸುತ್ತಿದ್ದೆ. ಆದರೆ ದೇವಕ್ಕ ಬೀಜ ಹಾಕುವಾಗ ನಾನು ಭಟ್ಕಳದ ದಾರಿಯಲ್ಲಿದ್ದೆ, ಎಳೆ ಭತ್ತ ಹುಲ್ಲಿನ ಹಾಗೆಯೇ ಇರುತ್ತದೆ ಎಂದು ಯಾರು ಕಂಡಿದ್ದರು? ರೈತರ ಮನೆಯ ಮಗಳು ನಾನು, ಬೆಳೆ ತುಳಿದರೆ ಏನಾಗುತ್ತದೆ ಎಂದು ಯಾರೂ ನನಗೆ ಕಲಿಸಬೇಕಿರಲಿಲ್ಲ.

ದೇವಕ್ಕ ಎರಡು ದಿನಕ್ಕೆ ಬಂದಳು. ನಮ್ಮೂರಿನಲ್ಲಾಗಿದ್ದರೆ ಓಣಿಯ ನಡುವೆ ನಿಂತು ಏಳು ತಲೆಮಾರು ಎತ್ತಿ ಬೈಯುತ್ತಿದ್ದರು, ನಾವೂ ನಾಲ್ಕು ಮಾತು ಆಡುತ್ತಿದ್ದೆವು, ಹಿರಿಯರು ಬಂದು ಕೂರುತ್ತಿದ್ದರು, ಎಂಟು ದಿನಕ್ಕೆ ಮಜ್ಜಿಗೆ ಕೊಡುಕೊಳ್ಳುವಿಕೆ ಮತ್ತೆ ಶುರುವಾಗುತ್ತಿತ್ತು. ಇವಳು ಬೈಯಲಿಲ್ಲ. ಗಾಲಿಯ ಗುಂಡಿಯಲ್ಲಿ ಕೈ ಹಾಕಿ ಕೆಸರಿನಿಂದ ಒಂದು ಹಿಡಿ ಸಸಿ ಎತ್ತಿದಳು, ನೀರಿನಲ್ಲಿ ತೊಳೆದಳು, ನೋಡಿದಳು, ಬದುವಿನ ಮೇಲೆ ಇಟ್ಟಳು. ನಾನು ಮಳೆಯಲ್ಲಿ ನೆನೆಯುತ್ತಾ ನಿಂತಿದ್ದೆ.

"ಬೈಯ್ರಿ ಅಕ್ಕಾ. ಎರಡೇಟು ಹೊಡೀರಿ ಬೇಕಾದ್ರ. ಹಿಂಗ ಸುಮ್ಮನಿರಬ್ಯಾಡ್ರಿ."

"ಬೈದ್ರೆ ಅಗೆ ಬತ್ತದ್ಯಾ?"

ಅಷ್ಟೇ. ಹೊರಗೆ ಬಂದಳು, ನಾನೂ ಹೊರಗೆ ಬರುವವರೆಗೆ ಕಾದಳು, ಆಮೇಲೆ ಎರಡೂ ಕೋಲು ಅಡ್ಡ ಹಾಕಿ ಮನೆಯೊಳಗೆ ಹೋದಳು.

ಸುಮ್ಮನಿರಲು ನನಗೆ ಬರುವುದಿಲ್ಲ. ಐವತ್ತು ರೊಟ್ಟಿ, ಎರಡು ಡಬ್ಬ ಚಟ್ನಿ, ಒಂದು ತೆಂಗಿನಕಾಯಿ ಬಟ್ಟೆಯಲ್ಲಿ ಕಟ್ಟಿ ಅವಳ ಚಿಟ್ಟೆಯ ಮೇಲೆ ಇಟ್ಟು ಬಂದೆ. ಮರುದಿನ ಆ ಗಂಟು ಹಾಗೆಯೇ, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ಕು ಸುತ್ತಿಕೊಂಡು, ದಣಪೆಯ ಕೋಲಿಗೆ ಕಟ್ಟಿತ್ತು. ಇನ್ನೊಬ್ಬರ ಅಗೆ ಉಳಿದಿದ್ದರೆ ತಂದು ಕೊಡೋಣ ಎಂದು ರೊಟ್ಟಿ ಇಳಿಸುವ ಕಡೆಯೆಲ್ಲ ಕೇಳಿದೆ. ಕರ್ಕಿಯಲ್ಲಿ ಖಾನಾವಳಿಯವರ ಪರಿಚಯದ ಮನೆಯೊಂದರಲ್ಲಿ ಮಿಕ್ಕ ಅಗೆ ಸಿಕ್ಕಿತು. ವ್ಯಾನಿನ ತುಂಬ ಹಸಿರು ಕಟ್ಟು ತುಂಬಿಕೊಂಡು, ಈಗ ಎಲ್ಲ ಸರಿಹೋಯಿತು ಎಂದು ಹಾಡಿಕೊಳ್ಳುತ್ತಾ ಬಂದೆ. ದೇವಕ್ಕ ಒಂದು ಸಸಿ ಎತ್ತಿ ನೋಡಿದಳು.

"ಇದು ಎತ್ತರದ ಗದ್ದೆದು. ನಮ್ದು ತಗ್ಗು, ನೀರು ನಿಲ್ತದೆ. ಇದು ಕೊಳೀತದೆ." ಸಿಟ್ಟಿರಲಿಲ್ಲ ಅವಳ ಮಾತಿನಲ್ಲಿ. ಅಂಗಡಿಯಲ್ಲಿ ಬೇರೆ ಅಳತೆಯ ಚಪ್ಪಲಿ ಕೊಟ್ಟವರಿಗೆ ಹೇಳುವ ಹಾಗೆ ಹೇಳಿದಳು. ಮತ್ತೆ ಅಗೆ ಹಾಕಲು ಅವಳ ಬೀಜ ಮುಗಿದಿತ್ತು. ಎಲ್ಲಿಂದಲೋ ಬೀಜ ತಂದು ಹಾಕಿ ಸಸಿ ಏಳುವಷ್ಟರಲ್ಲಿ ಗದ್ದೆಯಲ್ಲಿ ಮೊಣಕಾಲುಮಟ್ಟ ನೀರಾಗುತ್ತಿತ್ತು. ಆ ವರ್ಷ ಸುತ್ತಲಿನ ಗದ್ದೆಗಳೆಲ್ಲ ಹಸಿರಾದವು, ಅವಳದೊಂದು ಬರೀ ನೀರು ನಿಂತು ಕಪ್ಪಗೆ ಉಳಿಯಿತು. ನಮ್ಮ ಅಡುಗೆಮನೆಯ ಕಿಟಕಿ ಆ ಕಡೆಗೇ ಇದೆ. ರೊಟ್ಟಿ ಬಡಿಯುತ್ತಾ ಇಡೀ ಮಳೆಗಾಲ ಅದನ್ನೇ ನೋಡಿದೆ.

ನನ್ನ ವ್ಯಾನು ಹೆದ್ದಾರಿಯ ಬದಿ ಸೇರಿತು. ಮಳೆಯಲ್ಲಿ ಡಬ್ಬಗಳನ್ನು ಹೊತ್ತು ನಾನು, ಗಂಡ, ಮಗಳು ಸರದಿಯ ಮೇಲೆ ನಡೆದೆವು. ರೊಟ್ಟಿಗೆ ತೇವ ತಾಗಿದರೆ ಚರ್ಮದಂತಾಗುತ್ತದೆ, ಹೊನ್ನಾವರದ ಎರಡು ಅಂಗಡಿಯವರು ಇನ್ನು ಬೇಡ ಎಂದರು. ನಮ್ಮ ಮನೆಯವರು, "ಸಾಕ್ ಬಿಡು, ಊರಿಗೆ ಹೋಗೂಣು" ಎನ್ನತೊಡಗಿದರು. ಊರಿಗೆ ಎಂದರೆ ಎಲ್ಲಿಗೆ? ರೋಣದ ಮನೆಯನ್ನು ಮೈದುನಂದಿರು ನಡುವೆ ಗೋಡೆ ಎಬ್ಬಿಸಿ ಹಂಚಿಕೊಂಡಿದ್ದಾರೆ. ಹಬ್ಬಕ್ಕೆ ಹೋದರೆ ನಾವು ಮಲಗುವುದು ಪಡಸಾಲೆಯಲ್ಲಿ, ಎರಡನೇ ದಿನವೇ "ಯಾವಾಗ ಹೊಂಟ್ರಿ?" ಎಂದು ಕೇಳುತ್ತಾರೆ. ಮಗಳು ಬೇರೆ ಈಗ ಅಲ್ಲಿ ಹೋಗಿ ಇಲ್ಲಿಯವರ ಹಾಗೆ "ಎಂತ?" ಎಂದು ಬಾಯಿ ತೆಗೆದರೆ ಅವಳ ಚಿಕ್ಕಪ್ಪಂದಿರ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ದೀಪಾವಳಿ ಕಳೆಯಿತು. ಗದ್ದೆಯ ನೀರು ಇಂಗಿತು. ಉಳಿದ ಗದ್ದೆಗಳಲ್ಲಿ ಕೊಯ್ಲಾಗಿ ಈರುಳ್ಳಿ ಸಾಲು ಎದ್ದವು. ದೇವಕ್ಕನ ಗದ್ದೆಯಲ್ಲಿ ಕಳೆ ಎದೆಮಟ್ಟ ಬೆಳೆದಿತ್ತು, ಒಬ್ಬಳೇ ಕಿತ್ತು ಮುಗಿಸಲಾಗಲಿಲ್ಲ. ಒಂದು ದಿನ ನೋಡುತ್ತೇನೆ, ದಣಪೆಯ ಕೋಲುಗಳು ಬೇಲಿಗೆ ಒರಗಿವೆ, ಒಳಗೆ ಸೆಕ್ರೆಟರಿಯವರ ಕಾರು ನಿಂತಿದೆ. ನನಗೆ ಮೈಯೆಲ್ಲ ಉರಿಯಿತು. ಮೇಲೆ ಹೋಗಿ ಕೇಳಿದೆ.

"ಅಲ್ರೀ, ಕೋಲು ಹಾಕಿದ್ದು ಕಾಣಲಿಲ್ಲೇನ್ರಿ ನಿಮಗ?"

"ಬೀಳು ಬಿದ್ದ ಗದ್ದೆಗೆ ಎಂತ ಕೋಲು? ಮೊದಲು ಹೊಕ್ಕವರು ನೀವೇ ಅಲ್ದಾ?"

ಮೆಟ್ಟಿಲಿಳಿದು ಬಂದೆ. ವಾರದಲ್ಲಿ ಎರಡನೇ ಕಾರು, ಮೂರನೇ ಕಾರು. ಹದಿನೈದನೇ ದಿನಕ್ಕೆ ನನ್ನ ವ್ಯಾನೂ ಒಳಗೆ ಹೋಯಿತು. ಎಲ್ಲರೂ ನಿಲ್ಲಿಸಿದ್ದಾರೆ, ನಾನೊಬ್ಬಳು ಡಬ್ಬ ಹೊತ್ತರೆ ಅವಳ ಭತ್ತ ವಾಪಸ್ಸು ಬರುತ್ತದೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ದೇವಕ್ಕ ಒಂದು ದಿನವೂ ಬಂದು ಕೇಳಲಿಲ್ಲ. ಅವಳು ಬಂದು ಕೂಗಾಡಿದ್ದರೆ ನಾನು ತೆಗೆಯುತ್ತಿದ್ದೆ ಎಂದು ಈಗಲೂ ನಂಬಲು ಬಯಸುತ್ತೇನೆ.

ಸೆಕ್ರೆಟರಿಯವರ ಮನೆಯಲ್ಲಿ ಒಂದು ಭಾನುವಾರ ಮೀಟಿಂಗು. ಚಹಾ, ಬಿಸ್ಕತ್ತು. ನನಗೂ ಕುರ್ಚಿ ಕೊಟ್ಟರು, ಮೊದಲ ಸಲ. ಒಂದು ಕಾಗದ ಬರೆದಿದ್ದರು: ಪಕ್ಕದ ಗದ್ದೆ ಸಾಗುವಳಿ ಇಲ್ಲದೆ ಬೀಳು ಬಿದ್ದಿದೆ, ಹಾವು ಹುಳುವಿನ ಕಾಟ ಇದೆ, ಆದ್ದರಿಂದ ಬಿಲ್ಡರು ಅದರ ರಸ್ತೆ ಬದಿಯ ಭಾಗವನ್ನು ಕೊಂಡು ನಿವಾಸಿಗಳಿಗೆ ಗಾಡಿ ನಿಲ್ಲಿಸುವ ಜಾಗ ಮಾಡಿಕೊಡಬೇಕು. ಶಟರು ಹಾಕಿದ್ದಕ್ಕೆ ಬಿಲ್ಡರನನ್ನು ಬೈಯುವ ಧೈರ್ಯ ಆ ಎಂಟು ಮನೆಯಲ್ಲಿ ಒಬ್ಬರಿಗೂ ಇರಲಿಲ್ಲ. ಅವನ ಶಟರು ಅವನಿಗೆ ಉಳಿಯಿತು, ಗದ್ದೆ ಹೋಗಬೇಕಾಯಿತು. ದೇವಕ್ಕನ ಗೋವಾದ ಮೈದುನ ಸಂಕ್ರಾಂತಿಗೆ ಬಂದವನು ಕಾರುಗಳ ಸಾಲು ನೋಡಿ ಅದಾಗಲೇ ಒಪ್ಪಿದ್ದ. ಎಲ್ಲರ ಸಹಿ ಇದ್ದರೆ ಕೆಲಸ ಬೇಗ ಆಗುತ್ತದೆ ಎಂದರು. ಪೆನ್ನು ನನ್ನ ಕೈಗೆ ಬಂತು.

ಆ ಗದ್ದೆ ಯಾಕೆ ಬೀಳು ಬಿತ್ತು ಎಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗಂತೂ ಗಾಲಿಯ ಗುರುತಿನ ಸಮೇತ ಗೊತ್ತಿತ್ತು. ಹೊನ್ನಾವರದ ಅಂಗಡಿಗಳು, ಮಗಳ ಶಾಲೆ, ರೋಣದ ಪಡಸಾಲೆ, ಎಲ್ಲ ಒಟ್ಟಿಗೆ ಕಣ್ಣೆದುರು ಬಂದವು. ಸಹಿ ಹಾಕಿದೆ. ಅಕ್ಷರ ದುಂಡಗೆ ಬಂದವು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ಉಣ್ಣುವವಳು ಇನ್ನೊಬ್ಬಳಾದಳು, ನನಗೆ ನುಂಗಲಾಗದ್ದು ಅದೇ.

ಬೇಸಿಗೆಯಲ್ಲಿ ಕಾಂಕ್ರೀ‌ಟು ಬಿತ್ತು. ಬೇಲಿ ಹೋಗಿ ಗೋಡೆ ಬಂತು, ಕಬ್ಬಿಣದ ಗೇಟು ಬಂತು. ಹಳದಿ ಬಣ್ಣದಲ್ಲಿ ಒಂದರಿಂದ ಎಂಟರವರೆಗೆ ನಂಬರು ಬರೆದರು. ಚೀಟಿ ಎತ್ತಿದಾಗ ನನಗೆ ಐದನೆಯದು ಬಂತು. ತೆಂಗಿನಮರದಿಂದ ಅಳೆದು ನೋಡಿದರೆ ಅಗೆ ಇದ್ದ ಚೌಕ ಸರಿಯಾಗಿ ಅದೇ. ಬದಲಿಸಿಕೊಡಿ ಎಂದು ಕೇಳಿದೆ. "ಐದು ಒಳ್ಳೆ ನಂಬರು, ನೆರಳೂ ಅದೆ" ಎಂದು ನಕ್ಕರು. ದೇವಕ್ಕನಿಗೆ ಹಿಂದೆ ಒಂದು ಪಟ್ಟಿ ಗದ್ದೆ ಮಾತ್ರ ಉಳಿದಿದೆ. ಅದಕ್ಕೆ ಹೋಗುವ ದಾರಿ ನಮ್ಮ ಗೇಟಿನ ಮೂಲಕ.

ಈ ಜೂನಿನಲ್ಲಿ, ಮಳೆ ಹಿಡಿದ ಎಂಟನೇ ದಿನ, ಮಧ್ಯಾಹ್ನ ಮೂರರ ಹೊತ್ತಿಗೆ ನಮ್ಮ ಮನೆಯ ಬೆಲ್ಲು ಬಾರಿಸಿತು. ಬಾಗಿಲು ತೆಗೆದರೆ ದೇವಕ್ಕ. ಒಂದು ವರ್ಷದಲ್ಲಿ ನಮ್ಮ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಮೈಯಿಂದ ನೀರು ಸುರಿಯುತ್ತಿತ್ತು. ಒಳಗೆ ಬನ್ನಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು:

"ಅಮ್ಮಾ, ನಿಮ್ಮ ಗಾಡಿ ಒಂಚೂರು ತೆಗೀತ್ರಾ? ಅಗೆ ಬುಟ್ಟಿ ಹಿಂದೆ ತಗೊಂಡು ಹೋಗೂಕೆ ಆಗೂದಿಲ್ಲ."

ಓಡಿ ಕೆಳಗಿಳಿದೆ. ಗೋಡೆಗೂ ವ್ಯಾನಿಗೂ ನಡುವೆ ಒಬ್ಬರು ಅಡ್ಡಡ್ಡ ನುಸುಳುವಷ್ಟೇ ಜಾಗ. ಗೇಟಿನ ಹೊರಗೆ ಎರಡು ದೊಡ್ಡ ಬುಟ್ಟಿ. ಯಾರದೋ ಮನೆಯಿಂದ ಬೇಡಿ ತಂದ ಅಗೆ, ಬಾಳೆನಾರಿನಿಂದ ಕಟ್ಟಿದ ಸಣ್ಣ ಸಣ್ಣ ಕಟ್ಟುಗಳು. ವ್ಯಾನನ್ನು ಹಿಂದಕ್ಕೆ ತೆಗೆದು ಓಣಿಯಲ್ಲಿ ನಿಲ್ಲಿಸಿ ಇಳಿದು ಬಂದೆ. ಬುಟ್ಟಿ ಎತ್ತಲು ಕೈ ಕೊಟ್ಟೆ, ಬೇಡ ಎನ್ನಲಿಲ್ಲ. ಅವಳ ತಲೆಗೆ ಏರಿಸಿದೆ. ಎರಡನೇ ಬುಟ್ಟಿಯನ್ನು ನಾನೇ ಹೊರಬೇಕೆಂದು ಬಗ್ಗಿದೆ.

"ದೇವಕ್ಕಾ, ನೆಟ್ಟಿಗೆ ನಾನೂ ಬರ್ತೀನ್ರಿ. ಹೋದ ವರ್ಷ ಕರ್ದಿದ್ರಿ."

ಅವಳು ತಲೆಯ ಮೇಲಿನ ಬುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು ನಿಂತಳು. ಮುಖ ಪೂರ್ತಿ ತಿರುಗಿಸಲಿಲ್ಲ.

"ಬೇಡ್ರಾ. ಇದ್ದದ್ದು ಇಷ್ಟೇ ಜಾಗ, ನಾನೊಬ್ಬಳೇ ಸಾಕು. ನಿಮ್ಮ ಗಾಡಿ ದಾರಿ ಮೇಲೆ ಅದೆ, ಯಾರಾದ್ರೂ ಬೈತ್ರು. ಹೋಗಿ."

ಐದು ಎಂದು ಬರೆದ ಹಳದಿ ಅಂಕಿಯ ಮೇಲೆ ಹೆಜ್ಜೆಯಿಟ್ಟು, ಕಾಂಕ್ರೀಟು ದಾಟಿ, ಹಿಂದಿನ ಕೆಸರಿಗೆ ಇಳಿದಳು. ಮತ್ತೆ ಬಂದು ಎರಡನೇ ಬುಟ್ಟಿಯನ್ನೂ ತಾನೇ ಎತ್ತಿಕೊಂಡು ಹೋದಳು. ನಾನು ಮಳೆಯಲ್ಲಿ ನಿಂತು ನೋಡುತ್ತಿದ್ದೆ. ಅವಳು ಬಗ್ಗಿ ಒಂದೊಂದೇ ಸಸಿ ಊರುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದಳು, ಬೆನ್ನು ನನ್ನ ಕಡೆಗಿತ್ತು. ಓಣಿಯಲ್ಲಿ ಯಾರದೋ ಕಾರು ಹಾರ್ನು ಹೊಡೆಯತೊಡಗಿತು, ನನ್ನ ಗಾಡಿ ದಾರಿಗೆ ಅಡ್ಡವಾಗಿತ್ತು. ಹೋಗಿ ವ್ಯಾನು ತಂದು ಐದನೇ ನಂಬರಿನಲ್ಲಿ ನಿಲ್ಲಿಸಿದೆ. ಇಳಿದ ಮೇಲೆ ಅರಿವಾಯಿತು: ಅವಳು ಇನ್ನೂ ಒಳಗಿದ್ದಾಳೆ, ಬುಟ್ಟಿ ಹಿಡಿದು ವಾಪಸ್ಸು ಬರುವ ದಾರಿ ಮುಚ್ಚಿದ್ದೇನೆ. ಮೇಲೆ ಹಿಟ್ಟು ನಾದಿಟ್ಟಿತ್ತು, ಭಟ್ಕಳಕ್ಕೆ ಬೆಳಿಗ್ಗೆಯ ಡಬ್ಬ ತುಂಬಬೇಕಿತ್ತು. ವ್ಯಾನಿನೊಳಗೇ ಕೂತೆ. ಅವಳ ನೆಟ್ಟಿ ಮುಗಿಯುವವರೆಗೆ, ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು, ಹಿಂದಕ್ಕೆ ತೆಗೆಯಲು ಕಾಯುತ್ತಾ ಕೂತಿದ್ದೆ.